ನಾಯಿಗೂ ಒಂದು ಟಿಕೆಟ್ ತೆಗೆಸಿ

(ಮುಂಬಯಿಯ ಪೂರ್ವ ಉಪನಗರದ ನಮ್ಮ ವಾರ್ಡಿನಲ್ಲಿ ನಡೆದ ಸನ್ಮಾನ ಸಭೆಯಲ್ಲಿ ಆಡಿದ ಮಾತು ಇದು. ಅಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡಿದ್ದೆ. ಈಗ ಪೂರ್ತಿ ಕನ್ನಡಕ್ಕೆ ತಂದಿದ್ದೇನೆ. ಮೈಕ್ ಕೆಟ್ಟಾಗ ಆಡಿದ್ದನ್ನು ಮಾತ್ರ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಗರಸೇವಕಿ, ಪಾಲಿಕೆಗೆ ಆರಿಸಿ ಬಂದವಳು, ಮೈಕ್ ಹಿಡಿದಳು ಅಂದರೆ ಗಟಾರ, ನೀರು, ರಸ್ತೆ ಗುಂಡಿ ಅಂತ ಶುರು ಮಾಡುತ್ತಾಳೆ ಅಂದುಕೊಂಡಿರುತ್ತೀರಿ. ಅದು ಇದ್ದದ್ದೇ, ಇನ್ನೊಂದು ದಿನ ಬೈದುಕೊಳ್ಳೋಣ. ಇವತ್ತು ನಾಯಿ ಬೆಕ್ಕಿನ ವಿಷಯ. ನಗಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಆಫೀಸಿಗೆ ಬರುವ ಫೋನುಗಳಲ್ಲಿ ನೀರಿನ ದೂರು ಬಿಟ್ಟರೆ ಇದೇ ಜಾಸ್ತಿ.

ಮಕ್ಕಳ ಪರೀಕ್ಷೆ ಮುಗಿಯುತ್ತದೆ. ಬ್ಯಾಗು ಕಟ್ಟುತ್ತೇವೆ. ಕುಂದಾಪುರದವರು ಕುಂದಾಪುರಕ್ಕೆ, ವಿಜಯಪುರದವರು ವಿಜಯಪುರಕ್ಕೆ, ರತ್ನಾಗಿರಿಯವರು ರತ್ನಾಗಿರಿಗೆ. ಅದೇ ವಾರ ಯಾವುದಾದರೂ ಬಿಲ್ಡಿಂಗಿನ ಗೇಟಿನಲ್ಲಿ ಕುತ್ತಿಗೆಯಲ್ಲಿ ಪಟ್ಟಿ ಇರುವ ಒಂದು ನಾಯಿ ಕಾಣುತ್ತದೆ. ಬೀದಿನಾಯಿ ಅಲ್ಲ. ಬೀದಿನಾಯಿಗೆ ರಸ್ತೆ ದಾಟಲು ಬರುತ್ತದೆ, ಇದಕ್ಕೆ ಬರುವುದಿಲ್ಲ. ಬೈಕಿನವನು ಹಾರ್ನ್ ಹೊಡೆದರೆ ನಿಂತಲ್ಲೇ ನಿಲ್ಲುತ್ತದೆ. ವಾಚ್‌ಮನ್ ಬಿಸ್ಕತ್ತು ಹಾಕಿದರೆ ಮೂಸಿ ನೋಡಿ ಬಿಡುತ್ತದೆ. ಲಿಫ್ಟಿನ ಬಾಗಿಲ ಹತ್ತಿರ ಹೋಗಿ ಕೂರುತ್ತದೆ. ಲಿಫ್ಟ್ ಕೆಳಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತದೆ. ಬಾಗಿಲು ತೆರೆಯುತ್ತದೆ, ಬೇರೆ ಯಾರೋ ಇಳಿಯುತ್ತಾರೆ, ಮತ್ತೆ ಕೂರುತ್ತದೆ.

ಸಾಕಿದ ಪ್ರಾಣಿಯನ್ನು ಹೀಗೆ ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ನಿನಲ್ಲೇ ಇದೆ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಹೊರಗೆ ನಿಂತಿರುವ ಗಾಡಿಯಲ್ಲಿ ಎರಡು ವಡಾಪಾವ್ ಮತ್ತು ಒಂದು ಕಟಿಂಗ್ ಚಹಾ ತೆಗೆದುಕೊಂಡರೆ ಅದಕ್ಕಿಂತ ಜಾಸ್ತಿ ಆಗುತ್ತದೆ. ಹಾಗಾಗಿ ನಾನು ಕಾನೂನು ತೋರಿಸಿ ಹೆದರಿಸಲು ಬಂದಿಲ್ಲ. ಹೆದರಿಸಿದರೂ ಯಾರೂ ಹೆದರುವುದಿಲ್ಲ.

ಬಿಟ್ಟು ಹೋದವರಲ್ಲಿ ಕೆಲವರನ್ನು ಕೂರಿಸಿಕೊಂಡು ಕೇಳಿದ್ದೇನೆ. ಕೆಟ್ಟ ಜನ ಅಲ್ಲ. ಇಬ್ಬರು ನನ್ನೆದುರೇ ಅತ್ತಿದ್ದಾರೆ. ಎಲ್ಲರದೂ ಒಂದೇ ಮಾತು: "ಟ್ರೇನಿನಲ್ಲಿ ನಾಯಿ ಬಿಡೋದಿಲ್ಲ ಅಂದರು ಮೇಡಂ." ಯಾರು ಅಂದರು? "ಎಲ್ಲರೂ ಹಾಗೇ ಅಂತಾರಲ್ವಾ?" ಇಷ್ಟೇ. ಯಾರೋ ಅಂದ ಒಂದು ಮಾತಿಗೆ ಏಳು ವರ್ಷ ಮನೆಯಲ್ಲಿ ಬೆಳೆದ ನಾಯಿ ಲಿಫ್ಟಿನ ಮುಂದೆ ಕೂರುತ್ತದೆ. ಅದಕ್ಕೇ ಇವತ್ತು ಶಾಲು ಹೊದಿಸುವ ಮೊದಲು ಅರ್ಧ ಗಂಟೆ ಇದನ್ನೇ ಮಾತಾಡುತ್ತೇನೆ ಅಂತ ಸಂಘದವರಿಗೆ ಮೊದಲೇ ಹೇಳಿಟ್ಟಿದ್ದೆ.

ಟ್ರೇನಿನಲ್ಲಿ ಬಿಡುತ್ತಾರೆ. ಆದರೆ ಎಲ್ಲ ಡಬ್ಬಿಯಲ್ಲಿ ಅಲ್ಲ. ಸ್ಲೀಪರ್, ಥರ್ಡ್ ಎಸಿ, ಸೆಕೆಂಡ್ ಎಸಿ, ಚೇರ್ ಕಾರ್ ಯಾವುದರಲ್ಲೂ ನಾಯಿಗೆ ಜಾಗ ಇಲ್ಲ. ವಂದೇ ಭಾರತ್ ಪೂರ್ತಿ ಚೇರ್ ಕಾರ್ ಆಗಿದ್ದರೆ ಅದರ ಆಸೆ ಬಿಡಿ. ಉಳಿಯುವುದು ಎರಡು ದಾರಿ. ಒಂದು, ಫಸ್ಟ್ ಎಸಿ. ಅಲ್ಲೂ ಬರಿ ಟಿಕೆಟ್ ಇದ್ದರೆ ಸಾಲದು. ಇಬ್ಬರು ಮಲಗುವ ಕೂಪೆ ಇಲ್ಲವೇ ನಾಲ್ವರು ಮಲಗುವ ಕ್ಯಾಬಿನ್ ಪೂರ್ತಿಯಾಗಿ ನಿಮ್ಮದೇ ಆಗಿರಬೇಕು. ಪಕ್ಕದಲ್ಲಿ ಪರರು ಇರಬಾರದು. ಎರಡನೇ ದಾರಿ, ಗಾರ್ಡ್ ಡಬ್ಬಿಯಲ್ಲಿ ಇರುವ ಡಾಗ್ ಬಾಕ್ಸ್. ನೀವು ಯಾವ ಕ್ಲಾಸಿನಲ್ಲಿ ಹೋದರೂ ನಾಯಿಯನ್ನು ಅದರಲ್ಲಿ ಬುಕ್ ಮಾಡಬಹುದು.

ದುಡ್ಡಿನ ಲೆಕ್ಕ ಲಗೇಜ್ ದರದಲ್ಲಿ. ಕೂಪೆಯಲ್ಲಿ ಜೊತೆಗೆ ಕರೆದುಕೊಂಡು ಹೋದರೆ ಒಂದು ನಾಯಿಗೆ 60 ಕಿಲೋ ಅಂತ ಹಿಡಿಯುತ್ತಾರೆ, ಡಾಗ್ ಬಾಕ್ಸಿಗೆ 30 ಕಿಲೋ. ನಾನು ಇದನ್ನು ತಪ್ಪು ತಿಳಿದಿದ್ದೆ. 30 ಕಿಲೋಗಿಂತ ದಪ್ಪ ನಾಯಿಯನ್ನು ತೆಗೆದುಕೊಳ್ಳುವುದಿಲ್ಲ ಅಂತ ಎರಡು ಸಭೆಗಳಲ್ಲಿ ಹೇಳಿಯೂ ಬಿಟ್ಟಿದ್ದೆ. ನನ್ನನ್ನು ತಿದ್ದಿದ್ದು ನಮ್ಮ ವಾರ್ಡಿನ ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ. "ಆಂಟಿ, ಅದು ನಾಯಿಯ ತೂಕ ಅಲ್ಲ, ದುಡ್ಡು ಹಾಕೋಕೆ ಹಿಡಿಯುವ ತೂಕ. ನಾಯಿ ಎಂಟು ಕಿಲೋ ಇದ್ದರೂ ಅಷ್ಟೇ" ಅಂದಳು. ಪಾರ್ಸೆಲ್ ಆಫೀಸಿಗೆ ಅಪ್ಪನ ಜೊತೆ ಹೋಗಿ ಕೇಳಿಕೊಂಡು ಬಂದಿದ್ದಳಂತೆ. ಇವತ್ತು ಬಾಗಿಲಲ್ಲಿ ನಿಮ್ಮ ಕೈಗೆ ಕೊಟ್ಟ ಕಾಗದ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ ಇದೆಯಲ್ಲ, ಅದನ್ನು ಬರೆದವಳು ಅವಳೇ. ಅದರಿಂದ ಗಾಳಿ ಹಾಕಿಕೊಳ್ಳುತ್ತಿದ್ದೀರಿ, ಪರವಾಗಿಲ್ಲ, ಮನೆಗೆ ಹೋಗಿ ಓದಿ.

ಈಗ ನನ್ನದೇ ಕಥೆ. ನಗರಸೇವಕಿ ಆಗುವ ಮೊದಲಿನ ಮಾತು. ನಮ್ಮ ಮನೆಯಲ್ಲಿ ಕಾಳು ಅಂತ ಒಂದು ಕಪ್ಪು ನಾಯಿ ಇತ್ತು. ಅತ್ತೆಯವರಿಗೆ ಹುಷಾರಿಲ್ಲದೆ ಎರಡು ತಿಂಗಳು ಊರಲ್ಲಿ ಇರಬೇಕಾಗಿ ಬಂತು. ಮೇ ತಿಂಗಳು. ನಮ್ಮವರು ಫಸ್ಟ್ ಎಸಿಯ ಎರಡು ಟಿಕೆಟ್ ತೆಗೆಸಿದರು. ಒಂದು ಸ್ಟೇಷನ್ನಿನ ಕೌಂಟರಿನಲ್ಲಿ ಕೇಳಿದಾಗ "ಎರಡು ಟಿಕೆಟ್ ಇದೆಯಲ್ಲ, ಕೂಪೆ ತಾನಾಗೇ ಸಿಗುತ್ತೆ" ಅಂದರು. ನಂಬಿದೆವು. ಚಾರ್ಟ್ ಬಂದಾಗ ನೋಡಿದರೆ ನಾಲ್ಕು ಬರ್ತಿನ ಕ್ಯಾಬಿನ್ನಿನಲ್ಲಿ ನಮ್ಮದು ಎರಡು, ಉಳಿದೆರಡು ಯಾರೋ ವಯಸ್ಸಾದ ದಂಪತಿಯದು. ಟಿಸಿ ಬಂದು ನಾಯಿ ಒಳಗೆ ಬರುವಂತಿಲ್ಲ ಅಂದರು. ಅವರ ಮಾತು ಸರಿಯೇ ಇತ್ತು, ತಪ್ಪು ಹೇಳಿದ್ದು ಕೌಂಟರಿನವರು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಿ, ಪಾರ್ಸೆಲ್ ಆಫೀಸಿನಲ್ಲಿ ರಸೀದಿ ಮಾಡಿಸಿ, ಕಾಳುವನ್ನು ಡಾಗ್ ಬಾಕ್ಸಿನಲ್ಲಿ ಹಾಕಿದೆವು.

ಡಾಗ್ ಬಾಕ್ಸ್ ನೋಡದವರಿಗೆ ಹೇಳುತ್ತೇನೆ. ಅದು ಕಬ್ಬಿಣದ ಗೂಡು. ನಾಯಿ ಒಳಗೆ ತಿರುಗಬಹುದು, ಮಲಗಬಹುದು, ಅಷ್ಟೇ. ಕಾಳು ಒಳಗೆ ಹೋಗಲಿಲ್ಲ, ನಾಲ್ಕೂ ಕಾಲು ಊರಿ ನಿಂತ. ನಾನು ನನ್ನ ಹಳೇ ದುಪಟ್ಟಾ ಒಳಗೆ ಹಾಸಿದ ಮೇಲೆ ತಾನೇ ಹೋಗಿ ಅದರ ಮೇಲೆ ಮಲಗಿದ. ಬಾಗಿಲು ಹಾಕುವಾಗ ನನ್ನ ಮುಖ ನೋಡಲಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತದೆ.

ಕೊಂಕಣ ಲೈನ್ ಬಹುಪಾಲು ಒಂಟಿ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ಎಲ್ಲೋ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತೇ ಇದ್ದೆವು. ಹೊರಗೆ ಬೆಂಕಿ ಬಿಸಿಲು. ನಾನು ಇಳಿದು ಹಿಂದಕ್ಕೆ ಓಡಿದೆ. ಹೋಗಿ ನೋಡಿದರೆ ಗಾರ್ಡ್ ತಮ್ಮ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ನೀರು ಹಾಕಿ ಗೂಡಿನ ಒಳಗೆ ಇಟ್ಟಿದ್ದರು. ಕಾಳು ಕುಡಿಯುತ್ತಿದ್ದ. "ಇದು ಮೂರನೇ ಸಲ ತಾಯಿ, ನೀವು ಹೋಗಿ ಕೂತುಕೊಳ್ಳಿ, ಗಾಡಿ ಬಿಡುತ್ತೆ" ಅಂದರು ಹಿಂದಿಯಲ್ಲಿ. ಪ್ರಾಣಿ ಸಾಗಾಟಕ್ಕೆ ಅಂತಲೇ 1978ರಲ್ಲಿ ಮಾಡಿದ ನಿಯಮ ಇದೆ. ನಾಯಿ ಬೆಕ್ಕಿಗೆ ಬೇಸಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ ನೀರು ಕೊಡಬೇಕು ಅಂತ ಅದರಲ್ಲಿ ಬರೆದಿದೆ. ಆ ಗಾರ್ಡ್ ಅದನ್ನು ಓದಿದ್ದರೋ ಇಲ್ಲವೋ. ಅವರ ಹೆಸರು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಇವತ್ತು ಸನ್ಮಾನಕ್ಕೆ ಬಂದಿರುವ ನಿವೃತ್ತ ಗಾರ್ಡ್ ಅಣ್ಣ ಅವರೇ ಇರಬಹುದೇನೋ ಅಂತ ಆಸೆಯಿಂದ ಕೇಳಿದೆ. "ಇಲ್ಲಮ್ಮ, ನಾನು ಆ ಲೈನಿಗೆ ಹೋಗಿಯೇ ಇಲ್ಲ, ನನ್ನದು ಸೊಲ್ಲಾಪುರದ ಕಡೆ" ಅಂದರು. ಇರಲಿ. ಅವರಿಗೆ ಹಾಕುವ ಶಾಲಿನಲ್ಲಿ ಅರ್ಧ ಆ ಹೆಸರು ಗೊತ್ತಿಲ್ಲದವರದ್ದು. ಅಂದ ಹಾಗೆ, 2022ರಿಂದ ಗಾರ್ಡ್ ಹುದ್ದೆಗೆ ಟ್ರೈನ್ ಮ್ಯಾನೇಜರ್ ಅಂತ ಹೆಸರು ಬಂದಿದೆ. ಅಣ್ಣನಿಗೆ ಮಾತ್ರ ಗಾರ್ಡ್ ಅಂದರೇ ಇಷ್ಟ.

ನಮ್ಮ ತಪ್ಪು ನೀವು ಮಾಡಬೇಡಿ. ಈಗ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಅವತ್ತೇ ತೆಗೆಸಿ. ಟಿಕೆಟ್ ಆದ ಕೂಡಲೇ ಪಿಎನ್‌ಆರ್ ಬರೆದು, ನಾಯಿ ಜೊತೆಗಿದೆ, ಕೂಪೆ ಬೇಕು ಅಂತ ರೈಲ್ವೆಯ ಕಮರ್ಷಿಯಲ್ ಕಚೇರಿಗೆ ಅರ್ಜಿ ಕೊಡಿ, ಒಂದು ಪ್ರತಿ ಕೈಯಲ್ಲಿಟ್ಟುಕೊಳ್ಳಿ. ಕೂಪೆ ಯಾರಿಗೆ ಅಂತ ತೀರ್ಮಾನ ಆಗುವುದು ಚಾರ್ಟ್ ಹಾಕುವಾಗಲೇ. ಅರ್ಜಿ ಕೊಟ್ಟರೂ ಸಿಕ್ಕೇ ಸಿಗುತ್ತದೆ ಅಂತ ಇಲ್ಲ, ಆದರೆ ಕೊಡದಿದ್ದರೆ ನಿಮ್ಮ ಜೊತೆ ನಾಯಿ ಇದೆ ಅಂತ ಅವರಿಗೆ ಕನಸು ಬೀಳುವುದಿಲ್ಲ. ಹೊರಡುವ ಒಂದೆರಡು ದಿನ ಮೊದಲು ಪಶುವೈದ್ಯರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಿ. ಅದು, ಲಸಿಕೆ ಕಾರ್ಡು, ಟಿಕೆಟ್, ಆಧಾರ್ ಹಿಡಿದುಕೊಂಡು ಎರಡು ಮೂರು ಗಂಟೆ ಮೊದಲೇ ಪಾರ್ಸೆಲ್ ಆಫೀಸಿಗೆ ಹೋಗಿ ನಾಯಿಯ ರಸೀದಿ ಮಾಡಿಸಿ. ಪಾಲಿಕೆಯ ನಾಯಿ ಲೈಸೆನ್ಸ್ ಮಾಡಿಸದವರು ಎಷ್ಟು ಜನ ಇದ್ದೀರಿ? ಕೈ ಎತ್ತಬೇಡಿ, ನನಗೇ ಮುಜುಗರ. ಆನ್‌ಲೈನ್ ಆಗುತ್ತದೆ, ಮಾಡಿಸಿಬಿಡಿ.

ಬಸ್ಸಿನ ವಿಷಯ ಬೇಗ ಮುಗಿಸುತ್ತೇನೆ. ಪ್ರೈವೇಟ್ ಸ್ಲೀಪರ್ ಬಸ್ಸಿನ ಏಜೆಂಟ್ "ಡಿಕ್ಕಿಯಲ್ಲಿ ಹಾಕ್ತೀವಿ ಬಿಡಿ" ಅಂದರೆ ಬೇಡ ಅನ್ನಿ. ಸೂಟ್‌ಕೇಸಿಗೆ ಉಸಿರು ಬೇಡ, ನಾಯಿಗೆ ಬೇಕು. ಊರು ಸೇರಿದ ಮೇಲೆ ನಮ್ಮ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸು ಇದೆ. ಮೊದಲು ನಾಯಿಗೆ ಪೂರ್ತಿ ಟಿಕೆಟ್ ಇತ್ತು, 2022ರಲ್ಲಿ ಅರ್ಧಕ್ಕೆ ಇಳಿಸಿದರು. ಹಕ್ಕಿಗೂ ಟಿಕೆಟ್ ಇದೆ, ಮರೆಯಬೇಡಿ. 2024ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಒಬ್ಬ ಅಜ್ಜಿ ಮೊಮ್ಮಗಳ ಸುದ್ದಿ ಓದಿರಬೇಕು. ಅವರಿಬ್ಬರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಫ್ರೀ. ಪಂಜರದಲ್ಲಿದ್ದ ನಾಲ್ಕು ಲವ್ ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ! ಕಂಡಕ್ಟರ್ ನಿಯಮದ ಪ್ರಕಾರವೇ ಹರಿದುಕೊಟ್ಟರು. ಹಕ್ಕಿ ಅಂದಾಗ ಇನ್ನೊಂದು ಮಾತು. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದೇ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಅದನ್ನು ಊರಿಗೆ ಒಯ್ಯುವುದು ಹೇಗೆ ಅಂತ ನನ್ನನ್ನು ಕೇಳಬೇಡಿ.

ವಿಮಾನ. ಇದು ನಮ್ಮವರಿಗೆ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ನಮ್ಮ ವಾರ್ಡಿನ ಮಕ್ಕಳು ದುಬೈ, ಮಸ್ಕತ್, ಅಮೆರಿಕ ಎಲ್ಲ ಕಡೆ ಇದ್ದಾರೆ. ದೇಶದೊಳಗೆ ಒಂದೊಂದು ಕಂಪನಿಗೆ ಒಂದೊಂದು ನಿಯಮ. ಆಕಾಸ ಏರ್ 2022ರ ನವೆಂಬರಿನಿಂದ ಕ್ಯಾಬಿನ್ನಿನೊಳಗೆ ಬಿಡಲು ಶುರು ಮಾಡಿದಾಗ ಬುಟ್ಟಿ ಸೇರಿ 7 ಕಿಲೋ ಅಂತ ಮಿತಿ ಇಟ್ಟಿತ್ತು. ಇಂಥ ಅಂಕಿ ಬದಲಾಗುತ್ತಾ ಇರುತ್ತದೆ. ಟಿಕೆಟ್ ತೆಗೆಸುವ ದಿನ ಅವರಿಗೇ ಫೋನ್ ಮಾಡಿ ಕೇಳಿ. ನಾಯಿ ಗಲಾಟೆ ಮಾಡದಿರಲಿ ಅಂತ ನಿದ್ದೆ ಮಾತ್ರೆ ಹಾಕಬೇಡಿ. ಮೇಲೆ ಹೋದಾಗ ಉಸಿರಾಟಕ್ಕೆ ತೊಂದರೆ ಆಗಬಹುದು.

ಪರದೇಶಕ್ಕಾದರೆ ಒಂದು ತಿಂಗಳಲ್ಲಿ ಮುಗಿಯುವ ಕೆಲಸ ಅಲ್ಲ. ಮೈಕ್ರೋಚಿಪ್ ಹಾಕಿಸಬೇಕು, ಅದಾದ ಮೇಲೆ ರೇಬೀಸ್ ಲಸಿಕೆ. ಯೂರೋಪಿಗೆ ಹೋಗುವುದಾದರೆ ಲಸಿಕೆ ಹಾಕಿ 30 ದಿನ ಆದ ಮೇಲೆ ರಕ್ತ ತೆಗೆದು ಪರೀಕ್ಷೆ, ಅದು ಸರಿ ಬಂದರೂ ಮತ್ತೆ ಮೂರು ತಿಂಗಳು ಕಾಯಬೇಕು. ಅಮೆರಿಕ 2024ರ ಆಗಸ್ಟ್ 1ರಿಂದ ನಿಯಮ ಬಿಗಿ ಮಾಡಿದೆ. ಆರು ತಿಂಗಳು ತುಂಬದ ಮರಿಯನ್ನು ಬಿಡುವುದೇ ಇಲ್ಲ, ಮೇಲಿಂದ ನಮ್ಮ ದೇಶ ಅವರ ರೇಬೀಸ್ ಅಪಾಯದ ಪಟ್ಟಿಯಲ್ಲಿದೆ. ಹೊರಡುವ ಮೊದಲು ಇಲ್ಲಿಯ ಕೇಂದ್ರ ಸರ್ಕಾರದ ಪಶು ಕ್ವಾರಂಟೈನ್ ಕಚೇರಿಯ ಸರ್ಟಿಫಿಕೇಟೂ ಬೇಕು, ಅದು ಮುಂಬಯಿಯಲ್ಲೇ ಇದೆ. ವೀಸಾಕ್ಕೆ ಹಾಕಿದ ದಿನವೇ ನಾಯಿಯ ಕಾಗದವನ್ನೂ ಶುರು ಮಾಡಿದರೆ ಸಮ ಆಗುತ್ತದೆ.

ಪಗ್ ತಳಿಯ ನಾಯಿ ಇರುವವರು ಇನ್ನೂ ಎಚ್ಚರ. ಮೂತಿ ಚಪ್ಪಟೆ ಇರುವ ನಾಯಿಗಳಿಗೆ ಸೆಕೆಯಲ್ಲಿ ಉಸಿರು ಕಟ್ಟುತ್ತದೆ. ಅದಕ್ಕೆ ಎಷ್ಟೋ ವಿಮಾನದವರು ಅವುಗಳನ್ನು ಸರಕಿನ ಜಾಗದಲ್ಲಿ ತೆಗೆದುಕೊಳ್ಳುವುದೇ ಇಲ್ಲ. ಇದು ನಮ್ಮ ವಾರ್ಡಿನ ಒಂದು ಮನೆಯವರಿಗೆ ಗೊತ್ತಾಗಿದ್ದು ಹೊರಡುವ ವಾರ. ಮನೆ ಖಾಲಿ ಆಗಿತ್ತು, ಫ್ರಿಜ್ ಮಾರಿ ಆಗಿತ್ತು. ಒಂಬತ್ತು ವರ್ಷದ ಪಗ್ ಅನ್ನು ವಾಚ್‌ಮನ್ ಕೈಗೆ ಕೊಟ್ಟು, ಎರಡು ಸಾವಿರ ರೂಪಾಯಿ ಕೊಟ್ಟು, "ಯಾರಿಗಾದರೂ ಕೊಡಿ" ಅಂದು ಹೋದರು. ಆ ಪಗ್ ಏನಾಯಿತು ಅಂತ ಆಮೇಲೆ ಹೇಳುತ್ತೇನೆ.

ಅದಕ್ಕೂ ಮೊದಲು ಲಿಫ್ಟು. ನಾಯಿಯ ಪ್ರಯಾಣ ದಾದರ್ ಸ್ಟೇಷನ್ನಿನಿಂದ ಶುರು ಆಗುವುದಿಲ್ಲ, ಐದನೇ ಮಾಳಿಗೆಯಿಂದ ಶುರು ಆಗುತ್ತದೆ. ಸೊಸೈಟಿಯ ಸೆಕ್ರೆಟರಿಗಳು ಮೂರು ಜನ ಮುಂದೇ ಕೂತಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸ್ಪಷ್ಟ ಮಾಡಿದೆ. ಜನರಲ್ ಬಾಡಿಯಲ್ಲಿ ಎಲ್ಲರೂ ಕೈ ಎತ್ತಿದರೂ ಬಿಲ್ಡಿಂಗಿನಲ್ಲಿ ನಾಯಿ ಸಾಕಬಾರದು ಅಂತ ಠರಾವು ಮಾಡುವಂತಿಲ್ಲ. ಲಿಫ್ಟಿಗೆ ಬರಬಾರದು ಅನ್ನುವಂತಿಲ್ಲ. ಎರಡು ಲಿಫ್ಟ್ ಇದ್ದರೆ ಒಂದರಲ್ಲಿ ಬನ್ನಿ ಅನ್ನಬಹುದು. ನಾಯಿಯವರು ಚಪ್ಪಾಳೆ ಹೊಡೆಯುವ ಮೊದಲು ಇನ್ನೊಂದು ಕೇಳಿ. ಬೆಳಗ್ಗೆ ಆರು ಗಂಟೆಗೆ ಫುಟ್‌ಪಾತಿನಲ್ಲಿ ನಾಯಿ ಕೂರಿಸಿ ಆಕಾಶ ನೋಡುತ್ತಾ ನಿಲ್ಲುತ್ತೀರಲ್ಲ, ನಾನೂ ವಾಕಿಂಗಿಗೆ ಬರುತ್ತೇನೆ. ಹಳೇ ಪೇಪರ್ ಒಂದು ತುಂಡು ಜೇಬಿನಲ್ಲಿ ಇರಲಿ. ಅದನ್ನು ಗುಡಿಸುವ ಅಕ್ಕ ಇವತ್ತು ಇಲ್ಲೇ ಇದ್ದಾರೆ.

ಈ ಊರಿಗೆ ನಾಯಿಯ ಜಗಳ ಹೊಸದಲ್ಲ. 1832ರ ಜೂನಿನಲ್ಲಿ ನಾಯಿಗಾಗಿ ಇಲ್ಲಿ ಗಲಭೆಯೇ ಆಗಿತ್ತು. ಬೀದಿನಾಯಿ ಕೊಂದವರಿಗೆ ತಲೆಗೆ ಎಂಟಾಣೆ ಕೊಡುತ್ತಿದ್ದರು. ಆಸೆಗೆ ಬಿದ್ದ ಪೊಲೀಸರು ಪಾರ್ಸಿಗಳಿಗೆ ಪವಿತ್ರವಾದ ದಿನ ಮನೆಯ ಹತ್ತಿರದ ನಾಯಿಗಳನ್ನೂ ಹಿಡಿದರು. ಪಾರ್ಸಿಗಳು ಬೀದಿಗೆ ಇಳಿದು ಕೋಟೆಯ ಪೇಟೆ ಬಂದ್ ಮಾಡಿಸಿದರು. ಅದೇ ಸಮಾಜದ ಪೆಟಿಟ್ ಮನೆತನದ ಹೆಸರಿನ ಪ್ರಾಣಿ ಆಸ್ಪತ್ರೆ ಪರೇಲಿನಲ್ಲಿ ಈಗಲೂ ನಡೆಯುತ್ತಿದೆ. ನಮ್ಮ ಕಾಳು ಕೊನೆಯ ದಿನಗಳಲ್ಲಿ ಅಲ್ಲೇ ಇದ್ದ. 2024ರಲ್ಲಿ ರತನ್ ಟಾಟಾ ತೀರಿಕೊಂಡಾಗ ಎನ್‌ಸಿಪಿಎ ಕಲಾಕೇಂದ್ರದಲ್ಲಿ ದರ್ಶನಕ್ಕೆ ಇಟ್ಟಿದ್ದರಲ್ಲ, ಅಲ್ಲಿಗೆ ಅವರ ನಾಯಿ ಗೋವಾವನ್ನೂ ಕರೆತಂದಿದ್ದರು. ಟಿವಿಯಲ್ಲಿ ನೋಡಿ ನಮ್ಮ ಬಿಲ್ಡಿಂಗಿನ ಗಂಡಸರೂ ಕಣ್ಣೊರೆಸಿಕೊಂಡರು. ಅದರಲ್ಲಿ ನಾಯಿಗಳಿಗೆ ಲಿಫ್ಟ್ ಬಂದ್ ಮಾಡಿಸಲು ಅರ್ಜಿ ಬರೆದವರೂ ಇದ್ದರು.

ಸರಿ, ಸನ್ಮಾನಕ್ಕೆ ಬರುತ್ತೇನೆ. ಗಾರ್ಡ್ ಅಣ್ಣನ ಬಗ್ಗೆ ಹೇಳಿದೆ, ಹತ್ತನೇ ಕ್ಲಾಸಿನ ಹುಡುಗಿಯ ಬಗ್ಗೆ ಹೇಳಿದೆ. ಕಲಬುರಗಿ ಕಡೆಯ ಆಟೋ ಅಣ್ಣ ಒಬ್ಬರಿದ್ದಾರೆ. ಕಾಯಿಲೆ ಬಿದ್ದ ನಾಯಿಯನ್ನು ಆಸ್ಪತ್ರೆಗೆ ಒಯ್ಯಬೇಕು ಅಂದರೆ ಬೇರೆಯವರು ಗಾಡಿ ಮುಂದಕ್ಕೆ ಬಿಡುತ್ತಾರೆ. ಇವರು ಸೀಟಿನ ಕೆಳಗಿನಿಂದ ಟವೆಲ್ ತೆಗೆದು ಹಾಸುತ್ತಾರೆ. ಮೀಟರಿನ ಮೇಲೆ ಒಂದು ರೂಪಾಯಿ ಕೇಳುವುದಿಲ್ಲ. ನಾಕಾದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಭಟ್ಟರು ಬಾಗಿಲ ಹೊರಗೆ ನೀರಿನ ಕುಂಡ ಇಟ್ಟು ಎಷ್ಟು ವರ್ಷ ಆಯಿತೋ ಅವರಿಗೇ ಲೆಕ್ಕ ಇಲ್ಲ.

ವಿಜಯಪುರದ ಕಡೆಯ ನಮ್ಮ ಸಫಾಯಿ ಅಕ್ಕನ ಬಗ್ಗೆ ಸ್ವಲ್ಪ ಹೇಳಲೇಬೇಕು. ಎರಡು ವರ್ಷದ ಹಿಂದೆ ಹಸಿ ಕಸದ ಡಬ್ಬದಲ್ಲಿ ಗಂಟು ಕಟ್ಟಿದ ಕಪ್ಪು ಚೀಲ ಒಂದು ಅಲ್ಲಾಡಿತಂತೆ. ಬಿಚ್ಚಿದರೆ ಬೆಕ್ಕಿನ ಮರಿಗಳು. ನಾಲ್ಕರಲ್ಲಿ ಎರಡು ಬದುಕಿದ್ದವು. ಅವತ್ತಿನಿಂದ ಅವರು ಗಂಟು ಕಟ್ಟಿದ ಯಾವ ಚೀಲವನ್ನೂ ಹಾಗೇ ಗಾಡಿಗೆ ಎಸೆಯುವುದಿಲ್ಲ. ಒಂದು ಸಲ ಕೈಯಿಂದ ಒತ್ತಿ ನೋಡುತ್ತಾರೆ, ಆಮೇಲೆ ಎಸೆಯುತ್ತಾರೆ. ದಿನಕ್ಕೆ ಎಷ್ಟು ಚೀಲ ಅಂತ ಯೋಚಿಸಿ. ಅವರ ಮೇಸ್ತ್ರಿ ಮುಕಾದಮ್ "ಲೇಟ್ ಆಗ್ತದೆ" ಅಂತ ಗೊಣಗಿದರೆ, "ಗಾಡಿ ನಿಲ್ಲಲಿ ಬಿಡ್ರಿ, ನನಗ ರಾತ್ರಿ ನಿದ್ದಿ ಬರಬೇಕಲ್ಲ" ಅಂದರಂತೆ. ಮೂರು ವಾರದ ಹಿಂದೆ ಗಟಾರದ ಪಕ್ಕ ಕಟ್ಟಿಹಾಕಿ ಹೋಗಿದ್ದ ನಾಯಿಯನ್ನು ಮೊದಲು ನೋಡಿದವರೂ ಅವರೇ. ಇವತ್ತು ರಜೆ ಹಾಕಿ ಬಂದಿದ್ದಾರೆ. ಆ ರಜೆಯ ಸಂಬಳ ಕತ್ತರಿಸದ ಹಾಗೆ ನಾನು ಮಾತಾಡಿದ್ದೇನೆ, ಇದನ್ನು ಎಲ್ಲರ ಮುಂದೆ ಹೇಳುತ್ತಿರುವುದು ಬೇಕಂತಲೇ.

ಕೊನೆಗೆ ಆ ಪಗ್. ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದ ನಮ್ಮ ಅಕ್ಕ ಒಬ್ಬರು ಅದೇ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಅವರಿಗೆ ನಾಯಿ ಕಂಡರೆ ಆಗುತ್ತಿರಲಿಲ್ಲ, ಇದನ್ನು ಅವರೇ ಹೇಳುತ್ತಾರೆ. ಮೂರು ದಿನ ಅದು ಲಿಫ್ಟಿನ ಮುಂದೆ ಕೂತಿದ್ದನ್ನು ಅಡುಗೆಮನೆ ಕಿಟಕಿಯಿಂದ ನೋಡಿದರು. ನಾಲ್ಕನೇ ದಿನ ಬಾಗಿಲು ತೆರೆದು "ಬಾ" ಅಂದರು. ಅದು ಬರಲಿಲ್ಲ. ಹಿಂದಿಯಲ್ಲಿ ಕರೆದರು, ಮರಾಠಿಯಲ್ಲಿ ಕರೆದರು. ಆ ಮನೆಯವರು ಅದನ್ನು ಏನಂತ ಕರೆಯುತ್ತಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅಕ್ಕನೇ ಒಂದು ಚಾಪೆ ತಂದು ಲಿಫ್ಟಿನ ಪಕ್ಕ ಹಾಸಿ ಅದರ ಜೊತೆ ಕೂತರು. ಮೊಣಕಾಲು ನೋವಿನ ಮನುಷ್ಯೆ, ಎರಡು ಗಂಟೆ ಕೂತರಂತೆ. ಲಿಫ್ಟ್ ಮೇಲೆ ಕೆಳಗೆ ಹೋಗುತ್ತಾ ಇತ್ತು. ಸಂಜೆ ಅವರು ಏಳಲಾರದೆ ಗೋಡೆ ಹಿಡಿದು ಎದ್ದಾಗ ಅದೂ ಎದ್ದು ಹಿಂದೆ ಬಂತು.

ಈಗ ಹಿಂದಿನ ಸಾಲಿನಲ್ಲಿ ಕುರ್ಚಿಯ ಕಾಲಿಗೆ ಏನೋ ಟಪಟಪ ಬಡಿಯುವ ಸದ್ದು ಕೇಳುತ್ತಿದೆಯಲ್ಲ, ಅದು ಅದರದ್ದೇ. ಅಕ್ಕ, ಮೊದಲ ಶಾಲು ನಿಮಗೆ, ಮೇಲೆ ಬನ್ನಿ. ಅದನ್ನೂ ಕರೆತನ್ನಿ. ಮೆಟ್ಟಿಲು ಮೂರೇ ಇದೆ, ಆದರೆ ಇಬ್ಬರಿಗೂ ಆಗುವುದಿಲ್ಲ. ಆಟೋ ಅಣ್ಣ, ನೀವು ಪಗ್ ಎತ್ತಿಕೊಳ್ಳಿ. ಅಕ್ಕನ ಕೈ ನಾನು ಹಿಡಿಯುತ್ತೇನೆ.